ವಿದ್ವದ್ರಾಜ ಕೆಳದಿ ಬಸವಪ್ಪ ನಾಯಕ

ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕುಗಳ ನೆಲದಲ್ಲಿ ಕೆಳದಿಯ ಅರಸೊತ್ತಿಗೆಯ ಕುರುಹುಗಳು ಇಂದಿಗೂ ಅಳಿಯದೆ ಉಳಿದಿವೆ. ಸಾಗರದ ಸಮೀಪದ ಕೆಳದಿಯಲ್ಲಿ ರಾಮೇಶ್ವರನ ಗುಡಿಯಿದೆ. ಇಕ್ಕೇರಿಯಲ್ಲಿ ಅಘೋರೇಶ್ವರನ ಭವ್ಯ ದೇವಾಲಯವಿದೆ. ಹೊಸನಗರ ತಾಲ್ಲೂಕಿನ ನಗರದಲ್ಲಿ ಹಳೆಯ ಬಿದನೂರಿನ ಕೋಟೆಯಿದೆ. ತೀರ್ಥಹಳ್ಳಿಯ ಕಾಡಿನ ನಡುವೆ, ಭುವನಗಿರಿಯೆಂದೂ ಹೆಸರಾದ ಕವಲೇದುರ್ಗ ನಿಂತಿದೆ. ಇವೆಲ್ಲ ಕಲ್ಲಿನ ಸ್ಮಾರಕಗಳು. ಇವುಗಳೊಡನೆ ನಿಲ್ಲತಕ್ಕ ಒಂದು ಅಕ್ಷರಸ್ಮಾರಕವನ್ನೂ ಈ ವಂಶದ ಅರಸನೊಬ್ಬನು ನಾಡಿಗೆ ಬಿಟ್ಟುಹೋದನು. ಅವನೇ ಬಸವಭೂಪಾಲನೆಂದು ವಿದ್ವಾಂಸರು ಕರೆಯುವ ಬಸವಪ್ಪ ನಾಯಕ. ಆ ಸ್ಮಾರಕವೇ ‘ಶಿವತತ್ತ್ವರತ್ನಾಕರ’.

ಬಸವಪ್ಪ ನಾಯಕನು ರಾಣಿ ಚೆನ್ನಮ್ಮಾಜಿಯ ದತ್ತುಪುತ್ರ. ಪತಿ ಸೋಮಶೇಖರ ನಾಯಕನ ಅನಂತರ ರಾಜ್ಯಭಾರವನ್ನು ಕೈಗೆತ್ತಿಕೊಂಡ ಚೆನ್ನಮ್ಮಾಜಿ, ಇಪ್ಪತ್ತೈದು ವರ್ಷಗಳಷ್ಟು ಕಾಲ ಧೈರ್ಯದಿಂದ ನಾಡನ್ನು ಆಳಿದಳು. 1689ರಲ್ಲಿ ಮೊಗಲರ ಕೈಗೆ ಸಿಕ್ಕದೆ ದಕ್ಷಿಣಕ್ಕೆ ಹೊರಟಿದ್ದ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವಿತ್ತು, ಔರಂಗಜೇಬನ ಸೇನೆಯನ್ನು ಎದುರಿಸಿದಳು. ಶರಣು ಬಂದವನನ್ನು ಕೈಬಿಡಬಾರದೆಂಬುದನ್ನು ಬಸವಪ್ಪನು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ. ತಾಯಿಯ ನಡೆಯೇ ಅವನಿಗೆ ಮೊದಲ ಪಾಠವಾಯಿತು. ಸುಮಾರು 1697ರಲ್ಲಿ ಅವನು ಬಿದನೂರಿನ ಸಿಂಹಾಸನವನ್ನೇರಿದನು.

ಅವನ ಆಳ್ವಿಕೆಯ ಕಾಲವು ನೆಮ್ಮದಿಯ ಕಾಲವಾಗಿರಲಿಲ್ಲ. ಘಟ್ಟದ ಕೆಳಗಿನ ರೇವುಗಳ ವ್ಯಾಪಾರವೇ ರಾಜ್ಯದ ಬೊಕ್ಕಸಕ್ಕೆ ಆಧಾರ. ಅದರ ಮೇಲೆ ಪೋರ್ಚುಗೀಸರ ಕಣ್ಣು. 1713ರಲ್ಲಿ ಅವರ ನೌಕಾಪಡೆ ಕರಾವಳಿಯನ್ನು ಘಾಸಿಗೊಳಿಸಿತು, ಮರುವರ್ಷ ಒಪ್ಪಂದವಾಯಿತು. ಆ 1714ರಲ್ಲಿಯೇ ಅವನ ಆಳ್ವಿಕೆ ಕೊನೆಗೊಂಡಿತು. ಇಂತಹ ರಾಜಕಾರ್ಯಗಳ ನಡುವೆಯೇ, 1709ರಲ್ಲಿ, ಅವನ ಮಹಾಗ್ರಂಥವು ಪೂರ್ಣಗೊಂಡಿತೆಂಬುದು ಗಮನಿಸತಕ್ಕ ಸಂಗತಿ.

ಗ್ರಂಥವು ಸಂಸ್ಕೃತ ಪದ್ಯರೂಪದಲ್ಲಿದೆ. ರತ್ನಾಕರವೆಂದರೆ ಸಮುದ್ರ, ಅದಕ್ಕೆ ತಕ್ಕಂತೆ ಇಡೀ ಕೃತಿಯು ಒಂಬತ್ತು ಕಲ್ಲೋಲಗಳಾಗಿಯೂ, ಒಂದೊಂದು ಕಲ್ಲೋಲವು ಹಲವು ತರಂಗಗಳಾಗಿಯೂ ವಿಭಾಗವಾಗಿದೆ. ಮಗ ಸೋಮಶೇಖರನ ಪ್ರಶ್ನೆಗಳಿಗೆ ತಂದೆ ಉತ್ತರವೀಯುವುದೇ ಇದರ ಹಂದರ. ಈ ಹಂದರದ ಮೇಲೆ ಹಬ್ಬಿರುವ ವಿಷಯಗಳ ವ್ಯಾಪ್ತಿ ಬೆರಗುಗೊಳಿಸುವಂಥದು. ಸೃಷ್ಟಿಯ ವಿಚಾರ, ಭೂಗೋಳ, ವಿಜಯನಗರ ಮತ್ತು ಕೆಳದಿ ವಂಶಗಳ ಚರಿತ್ರೆ, ರಾಜನೀತಿ, ವಾಸ್ತುಶಿಲ್ಪ, ಜ್ಯೋತಿಷ, ವೈದ್ಯ, ರಸವಾದ, ರತ್ನಪರೀಕ್ಷೆ, ಗಜಶಾಸ್ತ್ರ, ಅಶ್ವಶಾಸ್ತ್ರ, ತೋಟಗಾರಿಕೆ, ಸಂಗೀತ, ನಾಟ್ಯ ಎಲ್ಲವೂ ಇಲ್ಲಿ ಸ್ಥಳ ಪಡೆದಿವೆ. ಅಡುಗೆಮನೆಯ ವ್ಯವಸ್ಥೆ, ಪಾತ್ರೆ, ಪಾಕವಿಧಾನಗಳಿಗೂ ಗ್ರಂಥಕಾರನು ಗೌರವದ ಸ್ಥಾನ ನೀಡಿದ್ದಾನೆ. ನಕ್ಷತ್ರಗಳ ಗತಿಯನ್ನು ವಿಚಾರಿಸಿದ ಲೇಖನಿಯೇ ಪಾಕಶಾಲೆಯನ್ನೂ ವರ್ಣಿಸಿದೆ.

ಇದು ಕೇವಲ ವಿದ್ವತ್ಪ್ರದರ್ಶನವಲ್ಲ. ಶಾಸ್ತ್ರ ಬೇರೆ, ಕಲೆ ಬೇರೆ, ಬದುಕು ಬೇರೆ ಎಂಬ ಗೋಡೆಗಳನ್ನು ಬಸವಭೂಪಾಲನು ಒಪ್ಪಲಿಲ್ಲ. ಆಳುವವನು ಆನೆಯ ರೋಗವನ್ನೂ ಅರಿಯಬೇಕು, ವೀಣೆಯ ನಾದವನ್ನೂ ಅರಿಯಬೇಕು. ಎಲ್ಲ ಅರಿವೂ ಕೊನೆಗೆ ಶಿವತತ್ತ್ವದಲ್ಲಿ ಒಂದಾಗಬೇಕು ಎಂಬುದೇ ಗ್ರಂಥದ ಹೆಸರಿನಲ್ಲಡಗಿರುವ ಆಶಯ.

ಈ ದಾರಿಯಲ್ಲಿ ಅವನಿಗೆ ಕನ್ನಡ ನಾಡಿನಲ್ಲಿಯೇ ಪೂರ್ವಸೂರಿಯಿದ್ದನು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ‘ಮಾನಸೋಲ್ಲಾಸ’ವನ್ನು ರಚಿಸಿದ್ದನು. ಬಸವಭೂಪಾಲನ ಕೃತಿಯಲ್ಲಿಯೂ ಹಿಂದಿನ ಶಾಸ್ತ್ರಗಳಿಂದ ಆಯ್ದು ಜೋಡಿಸಿದ ಭಾಗವೇ ಹೆಚ್ಚು. ಪುರಾಣದ ಭೂಗೋಳವೂ ಪ್ರತ್ಯಕ್ಷ ಅನುಭವದ ಮಾತೂ ಇಲ್ಲಿ ಅಕ್ಕಪಕ್ಕದಲ್ಲಿ ಕುಳಿತಿವೆ. ಇಂದಿನ ಓದುಗನು ಎರಡನ್ನೂ ವಿವೇಚಿಸಿ ಸ್ವೀಕರಿಸಬೇಕು. ಆದರೆ ಚದುರಿಹೋಗುವ ವಿದ್ಯೆಯನ್ನು ಒಂದೆಡೆ ಕೂಡಿಸಿ ಮುಂದಿನ ಪೀಳಿಗೆಗೆ ಒಪ್ಪಿಸಬೇಕೆಂಬ ಹಂಬಲ ಅವನ ಸ್ವಂತದ್ದು. ಫ್ರಾನ್ಸಿನಲ್ಲಿ ದಿದೆರೋ ಮೊದಲಾದವರ ಪ್ರಸಿದ್ಧ ವಿಶ್ವಕೋಶವು ಹೊರಬರತೊಡಗಿದುದು 1751ರಲ್ಲಿ. ಅದಕ್ಕೆ ನಾಲ್ಕು ದಶಕಗಳ ಮೊದಲೇ ಮಲೆನಾಡಿನ ಮಳೆಯ ನಡುವೆ ಈ ಕಾರ್ಯ ನೆರವೇರಿತ್ತು.

ಆದರೂ ಎರಡರ ಭಾಗ್ಯ ಒಂದೇ ಆಗಲಿಲ್ಲ. ಫ್ರೆಂಚ್ ವಿಶ್ವಕೋಶವು ಆಡುವ ಭಾಷೆಯಲ್ಲಿದ್ದು, ಅಚ್ಚಿನ ಬಲದಿಂದ ಸಾವಿರಾರು ಮನೆಗಳನ್ನು ಹೊಕ್ಕಿತು. ರತ್ನಾಕರವು ಸಂಸ್ಕೃತದಲ್ಲಿದ್ದು, ಹಸ್ತಪ್ರತಿಗಳಲ್ಲಿಯೇ ಉಳಿಯಿತು. ಶರಣರು ಅನುಭಾವವನ್ನು ಜನರ ನುಡಿಯಲ್ಲಿ ಹಂಚಿದ ನಾಡಿನಲ್ಲಿ, ಬಡಗಿಗೂ ತೋಟಿಗನಿಗೂ ಬಾಣಸಿಗನಿಗೂ ಬೇಕಾಗಿದ್ದ ವಿದ್ಯೆ ಪಂಡಿತರ ಪೆಟ್ಟಿಗೆಯನ್ನು ದಾಟಲಿಲ್ಲ. ಗ್ರಂಥವು ಮದರಾಸಿನಲ್ಲಿ ಮುದ್ರಣವನ್ನು ಕಂಡುದು 1927ರಲ್ಲಿ, ಅಂದರೆ ರಚನೆಯಾದ 218 ವರ್ಷಗಳ ಬಳಿಕ. ಅನಂತರ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯವೂ ಅದನ್ನು ಸಂಪುಟಗಳಾಗಿ ಪ್ರಕಟಿಸಿತು.

ಅಷ್ಟರಲ್ಲಿ ರಾಜ್ಯವೇ ಕಣ್ಮರೆಯಾಗಿತ್ತು. ಪ್ರಶ್ನೆ ಕೇಳಿದ ಮಗ ಸೋಮಶೇಖರನು 1739ರವರೆಗೆ ಆಳಿದನು. 1763ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದಾಗ ಅರಸೊತ್ತಿಗೆ ಮುಗಿಯಿತು. ರಾಜಧಾನಿಯ ಹೆಸರೂ ಬದಲಾಯಿತು. ಕೋಟೆ ಶತ್ರುವಿನ ವಶವಾಯಿತು, ಬೊಕ್ಕಸ ಬರಿದಾಯಿತು. ತಂದೆ ಮಗನಿಗೆ ಹೇಳಿದ ಪಾಠ ಮಾತ್ರ ಉಳಿಯಿತು.

ಬಸವಪ್ಪ ನಾಯಕನ ಜೀವನವು ವಿದ್ಯಾಸಂಸ್ಥೆಗಳಿಗೆ ಎರಡು ಮಾತುಗಳನ್ನು ತಿಳಿಸುತ್ತದೆ. ವಿದ್ಯೆಯನ್ನು ಕೂಡಿಡುವುದು ಪುಣ್ಯದ ಕಾರ್ಯ. ಅದನ್ನು ಎಲ್ಲರ ಕೈಗೆಟುಕುವ ನುಡಿಯಲ್ಲಿ ಹಂಚುವುದು ಅದರ ಪೂರ್ಣತೆ. ಮೊದಲನೆಯದನ್ನು ಆ ವಿದ್ವದ್ರಾಜನು ಮಾಡಿ ತೋರಿಸಿದನು. ಎರಡನೆಯದು ಅವನ ನಾಡಿನ ಶಾಲೆಗಳಿಗೆ ಉಳಿದ ಋಣ.