ಕಲ್ಯಾಣದ ಯಮುನಾ ಡಾ. ಆನಂದಿಬಾಯಿ ಆದ ಕಥೆ: 22 ತುಂಬುವ ಮೊದಲೇ ನಿಂತ ಉಸಿರು

ಠಾಣೆ, ಡೊಂಬಿವಲಿ ದಾಟಿ ಬರುವ ಲೋಕಲ್ ರೈಲುಗಳಿಗೆ ಕಲ್ಯಾಣ ದೊಡ್ಡ ಜಂಕ್ಷನ್. 1854ರಲ್ಲೇ ಇಲ್ಲಿಗೆ ರೈಲು ಬಂದಿತ್ತು. ಕನ್ನಡಿಗರೂ ಸೇರಿದಂತೆ ಲಕ್ಷಾಂತರ ಜನ ದಿನವೂ ಓಡಾಡುವ ಈ ಊರಿಗೂ ದೇಶದ ವೈದ್ಯಕೀಯ ಇತಿಹಾಸಕ್ಕೂ ಹತ್ತಿರದ ನಂಟಿದೆ. ಅಮೆರಿಕದಲ್ಲಿ ವೈದ್ಯಕೀಯ ಪದವಿ ಪಡೆದ ಮೊದಲ ಭಾರತೀಯ ಮಹಿಳೆ ಡಾ. ಆನಂದಿಬಾಯಿ ಜೋಶಿ ಕಲ್ಯಾಣದ ಮನೆತನದವರು.

1865ರ ಮಾರ್ಚ್ 31ರಂದು ಹುಟ್ಟಿದ ಮಗುವಿಗೆ ಇಟ್ಟ ಹೆಸರು ಯಮುನಾ. ಒಂದು ಕಾಲದಲ್ಲಿ ಜಮೀನ್ದಾರರಾಗಿದ್ದ ಕುಟುಂಬ ಆಗ ಕಷ್ಟಕ್ಕೆ ಸಿಲುಕಿತ್ತು. ಒಂಬತ್ತನೇ ವಯಸ್ಸಿಗೆ ಮದುವೆಯಾಯಿತು. ವರ ಗೋಪಾಲರಾವ್ ಜೋಶಿ ಅಂಚೆ ಇಲಾಖೆಯ ನೌಕರ, ಹೆಂಡತಿಯನ್ನು ಕಳೆದುಕೊಂಡವರು, ವಯಸ್ಸಿನಲ್ಲಿ ಸುಮಾರು 20 ವರ್ಷ ದೊಡ್ಡವರು. ಪತ್ನಿಗೆ ಆನಂದಿ ಎಂದು ಹೆಸರಿಟ್ಟು ಓದು ಕಲಿಸಿದವರೂ ಅವರೇ. ಹೆಣ್ಣುಮಕ್ಕಳ ಶಿಕ್ಷಣದ ಬಗ್ಗೆ ಅವರಿಗಿದ್ದ ಹಠ ದೊಡ್ಡದು. ಆದರೆ ಓದದಿದ್ದರೆ ಹೊಡೆಯುವಷ್ಟು ಕಠಿಣ ಸ್ವಭಾವವೂ ಅವರದಾಗಿತ್ತು.

ಹತ್ತು ದಿನ ಬದುಕಿದ ಮಗು

14ನೇ ವಯಸ್ಸಿನಲ್ಲಿ ಆನಂದಿಬಾಯಿ ಗಂಡು ಮಗುವಿಗೆ ಜನ್ಮ ನೀಡಿದರು. ಸರಿಯಾದ ವೈದ್ಯಕೀಯ ಆರೈಕೆ ಸಿಗದೆ ಮಗು ಹತ್ತೇ ದಿನಕ್ಕೆ ತೀರಿಕೊಂಡಿತು. ಗಂಡಸು ವೈದ್ಯರ ಮುಂದೆ ಹೆಂಗಸರು ಕಾಯಿಲೆ ಹೇಳಿಕೊಳ್ಳಲು ಹಿಂಜರಿಯುತ್ತಿದ್ದ ಕಾಲವದು. ತಾನೇ ವೈದ್ಯೆಯಾಗಬೇಕು ಎಂಬ ನಿರ್ಧಾರ ಹುಟ್ಟಿದ್ದು ಆ ಸಾವಿನಿಂದ.

1880ರಲ್ಲಿ ಗೋಪಾಲರಾವ್ ಅಮೆರಿಕದ ಮಿಷನರಿಯೊಬ್ಬರಿಗೆ ಬರೆದ ಪತ್ರ ಅಲ್ಲಿನ ಪತ್ರಿಕೆಯಲ್ಲಿ ಅಚ್ಚಾಯಿತು. ನ್ಯೂಜೆರ್ಸಿಯ ಥಿಯೋಡೀಸಿಯಾ ಕಾರ್ಪೆಂಟರ್ ಎಂಬ ಮಹಿಳೆ ಹಲ್ಲಿನ ವೈದ್ಯರ ಬಳಿ ಕಾಯುತ್ತಿದ್ದಾಗ ಅದನ್ನು ಓದಿ, ಕಾಗದ ಬರೆದರು. ಇಬ್ಬರ ನಡುವೆ ಚಿಕ್ಕಮ್ಮ-ಮಗಳಂಥ ಬಾಂಧವ್ಯ ಬೆಳೆಯಿತು. ತಲೆನೋವು, ಜ್ವರ, ಆಗಾಗ ಉಸಿರಾಟದ ತೊಂದರೆ ಆನಂದಿಬಾಯಿಯನ್ನು ಆಗಲೇ ಕಾಡುತ್ತಿದ್ದವು. ಕಾರ್ಪೆಂಟರ್ ಅಲ್ಲಿಂದಲೇ ಔಷಧ ಕಳುಹಿಸಿದರೂ ಗುಣವಾಗಲಿಲ್ಲ.

ಸಮುದ್ರ ದಾಟಿ ಹೋಗುವುದಕ್ಕೆ ವಿರೋಧ ಜೋರಾಗಿತ್ತು. 1883ರ ಫೆಬ್ರವರಿಯಲ್ಲಿ ಶ್ರೀರಾಂಪುರದ ಕಾಲೇಜಿನಲ್ಲಿ ಆನಂದಿಬಾಯಿ ಸಾರ್ವಜನಿಕರ ಮುಂದೆ ನಿಂತು, ದೇಶಕ್ಕೆ ವೈದ್ಯೆಯರು ಏಕೆ ಬೇಕು ಎಂದು ವಿವರಿಸಿದರು. ಹಿಂದೂವಾಗಿಯೇ ಹೋಗಿ ಹಿಂದೂವಾಗಿಯೇ ಮರಳುವುದಾಗಿ ಹೇಳಿದರು. ದೇಣಿಗೆಗಳು ಬಂದವು. ಏಪ್ರಿಲ್‌ನಲ್ಲಿ ಪತಿಯನ್ನು ಬಿಟ್ಟು ಕಲ್ಕತ್ತಾದಿಂದ ಹಡಗು ಹತ್ತಿದರು.

ಪದವಿ ಬಂತು, ಕ್ಷಯವೂ ಬಂತು

ಪೆನ್ಸಿಲ್ವೇನಿಯಾದ ಮಹಿಳಾ ವೈದ್ಯಕೀಯ ಕಾಲೇಜಿಗೆ ಸೇರಿದಾಗ ವಯಸ್ಸು 18. ಚಳಿ ಮತ್ತು ಒಗ್ಗದ ಊಟದಿಂದ ಆರೋಗ್ಯ ಕುಸಿಯಿತು, ಕ್ಷಯ ಅಂಟಿಕೊಂಡಿತು. ಆದರೂ ಹಿಂದೂಗಳಲ್ಲಿ ಹೆರಿಗೆ ಶಾಸ್ತ್ರದ ಬಗ್ಗೆ ಪ್ರಬಂಧ ಬರೆದು, 1886ರ ಮಾರ್ಚ್ 11ರಂದು ಎಂ.ಡಿ. ಪದವಿ ಪಡೆದರು. ಆ ಸಮಾರಂಭಕ್ಕೆ ಬಂದವರಲ್ಲಿ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ ಕೂಡ ಇದ್ದರು.

ಕ್ಷಯ ಉಸಿರು ಕದಿಯುವುದು ಹೇಗೆ?

ಶ್ವಾಸಕೋಶವನ್ನು ಒಂದು ಜಂಕ್ಷನ್ ಎಂದುಕೊಂಡರೆ ರಕ್ತದ ಹಿಮೋಗ್ಲೋಬಿನ್ ನಾಲ್ಕು ಸೀಟಿನ ಬೋಗಿಯಿದ್ದಂತೆ. ಒಂದು ಹಿಮೋಗ್ಲೋಬಿನ್ ಅಣು ನಾಲ್ಕು ಆಮ್ಲಜನಕದ ಅಣುಗಳನ್ನು ಹೊರುತ್ತದೆ. ರಕ್ತದಲ್ಲಿ ಸಾಗುವ ಆಮ್ಲಜನಕದಲ್ಲಿ ಸುಮಾರು 98 ಶೇಕಡಾ ಹೀಗೆಯೇ ಹೋಗುತ್ತದೆ. ಮರಳುವ ಇಂಗಾಲದ ಡೈ ಆಕ್ಸೈಡ್‌ನಲ್ಲಿ ಸುಮಾರು 70 ಶೇಕಡಾ ಬೈಕಾರ್ಬನೇಟ್ ರೂಪದಲ್ಲಿ ಬರುತ್ತದೆ. ಉಳಿದುದರಲ್ಲಿ ಹೆಚ್ಚಿನ ಪಾಲು ಹಿಮೋಗ್ಲೋಬಿನ್‌ಗೆ ಅಂಟಿಕೊಂಡು, ಸ್ವಲ್ಪ ಭಾಗ ಪ್ಲಾಸ್ಮಾದಲ್ಲಿ ಕರಗಿ ಬಂದು ಶ್ವಾಸಕೋಶ ಸೇರುತ್ತದೆ.

ಈ ಹತ್ತಿಸುವ, ಇಳಿಸುವ ಕೆಲಸ ನಡೆಯುವುದು ಸುಮಾರು 30 ಕೋಟಿ ಪುಟ್ಟ ಗಾಳಿಚೀಲಗಳಲ್ಲಿ. ಶ್ವಾಸಕೋಶದ ಕ್ಷಯ ಈ ಗಾಳಿಚೀಲಗಳ ಅಂಗಾಂಶವನ್ನೇ ಕೊರೆದು ಹಾಕುತ್ತದೆ. ಬೋಗಿಗಳು ಸರಿಯಿದ್ದರೂ ಪ್ಲಾಟ್‌ಫಾರ್ಮ್ ಕುಸಿದರೆ ಜನ ಹತ್ತುವುದೆಲ್ಲಿ? ರೋಗ ಬಲಿತಂತೆ ಏದುಸಿರು, ಸುಸ್ತು ಹೆಚ್ಚುವುದು ಹೀಗೆ.

ಆನಂದಿಬಾಯಿ ಹುಟ್ಟುವ ಹಿಂದಿನ ವರ್ಷ, 1864ರಲ್ಲಿ ಜರ್ಮನಿಯ ಹೋಪ್-ಸೈಲರ್ ಹಿಮೋಗ್ಲೋಬಿನ್‌ಗೆ ಆ ಹೆಸರಿಟ್ಟಿದ್ದರು. 1882ರಲ್ಲಿ ರಾಬರ್ಟ್ ಕೋಕ್ ಕ್ಷಯದ ರೋಗಾಣುವನ್ನು ಪತ್ತೆ ಮಾಡಿದ್ದರು. ಹೀಗಾಗಿ ವೈದ್ಯಲೋಕಕ್ಕೆ ಶತ್ರು ಯಾರೆಂದು ಗೊತ್ತಿತ್ತು, ಕೊಲ್ಲುವ ಮದ್ದು ಇರಲಿಲ್ಲ. ಕ್ಷಯಕ್ಕೆ ಮೊದಲ ಪರಿಣಾಮಕಾರಿ ಔಷಧ ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದು 1943ರಲ್ಲಿ.

ಸಿಗದೇ ಹೋದ ಅವಕಾಶ

ಕೊಲ್ಹಾಪುರ ಸಂಸ್ಥಾನ ತನ್ನ ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯ ಮಹಿಳಾ ವಿಭಾಗದ ಹೊಣೆಯನ್ನು ಆನಂದಿಬಾಯಿಗೆ ವಹಿಸಲು ಸಿದ್ಧವಾಗಿತ್ತು. 1886ರ ಕೊನೆಯಲ್ಲಿ ಊರಿಗೆ ಮರಳಿದವರಿಗೆ ಭರ್ಜರಿ ಸ್ವಾಗತ ದೊರೆಯಿತು. ಆದರೆ ಕೆಲಸ ಆರಂಭಿಸುವ ಶಕ್ತಿ ದೇಹದಲ್ಲಿ ಉಳಿದಿರಲಿಲ್ಲ. 1887ರ ಫೆಬ್ರವರಿ 26ರಂದು ಪುಣೆಯಲ್ಲಿ ಅವರು ಕೊನೆಯುಸಿರೆಳೆದರು. 22 ತುಂಬಲು ಒಂದು ತಿಂಗಳಷ್ಟೇ ಬಾಕಿ ಇತ್ತು. ಅವರ ಚಿತಾಭಸ್ಮವನ್ನು ಕಾರ್ಪೆಂಟರ್ ಅವರಿಗೆ ಕಳುಹಿಸಲಾಯಿತು. ನ್ಯೂಯಾರ್ಕ್ ರಾಜ್ಯದ ಪಕೀಪ್ಸಿಯಲ್ಲಿರುವ ಆ ಕುಟುಂಬದ ಸ್ಮಶಾನದಲ್ಲಿ ಅದು ಇಂದಿಗೂ ಇದೆ. ಶುಕ್ರ ಗ್ರಹದ ಒಂದು ಕುಳಿಗೂ ಅವರ ಹೆಸರಿದೆ.

ಅಂದು ಕಲ್ಯಾಣದ ಮಗಳನ್ನು ಬಲಿ ಪಡೆದ ರೋಗಕ್ಕೆ ಇಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಚಿಕಿತ್ಸೆ ಇದೆ. ಸಾಮಾನ್ಯ ಕ್ಷಯವಾದರೆ ಆರು ತಿಂಗಳು ತಪ್ಪದೆ ಮಾತ್ರೆ ತೆಗೆದುಕೊಂಡರೆ ಗುಣವಾಗುತ್ತದೆ. ಎರಡು ವಾರ ದಾಟಿದ ಕೆಮ್ಮನ್ನು ಕಡೆಗಣಿಸದೆ ಕಫ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಆನಂದಿಬಾಯಿಗೆ ಆ ಅವಕಾಶ ಇರಲಿಲ್ಲ.