ಬೆಳ್ಳಿತೆರೆಯ ಮೊದಲ ಜಾದೂಗಾರ ಜಾರ್ಜ್ ಮೆಲಿಯೆಸ್

ಸಿನಿಮಾ ನೋಡಿ ಬಂದವರನ್ನು ಹೇಗಿತ್ತು ಎಂದು ಕೇಳಿದರೆ ಈಗ ಹೆಚ್ಚಾಗಿ ಸಿಗುವ ಉತ್ತರ ಒಂದೇ. ಗ್ರಾಫಿಕ್ಸ್ ಚೆನ್ನಾಗಿದೆ, ಕಥೆಯಲ್ಲಿ ಮಾತ್ರ ಏನೂ ಇಲ್ಲ ಎನ್ನುತ್ತಾರೆ. ಕೋಟಿಗಟ್ಟಲೆ ಹಣ ಸುರಿದು ಕಟ್ಟಿದ ದೃಶ್ಯವೈಭವ ಕಥೆಯ ಬಡತನವನ್ನು ಮುಚ್ಚಬಲ್ಲದೇ? ಈ ಪ್ರಶ್ನೆ ಹುಟ್ಟಿದ್ದು ಕಂಪ್ಯೂಟರ್ ಬಂದ ಮೇಲೆ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ನಿಜವಾಗಿ ಸಿನಿಮಾಕ್ಕೆ ಎಷ್ಟು ವಯಸ್ಸೋ ಈ ಪ್ರಶ್ನೆಗೂ ಹೆಚ್ಚುಕಡಿಮೆ ಅಷ್ಟೇ ವಯಸ್ಸು. ಅದನ್ನು ತಮ್ಮ ಬದುಕಿನಲ್ಲೇ ಅನುಭವಿಸಿದವರು ಫ್ರಾನ್ಸ್ ದೇಶದ ಜಾರ್ಜ್ ಮೆಲಿಯೆಸ್. ನಾನು ಸಾಫ್ಟ್‌ವೇರ್ ಬರೆಯುವವನು, ಸಿನಿಮಾ ಕ್ಷೇತ್ರದವನಲ್ಲ. ಆದರೆ ತಂತ್ರಜ್ಞಾನವನ್ನೇ ನಂಬಿ ಅನ್ನ ತಿನ್ನುವವನಾದ್ದರಿಂದ, ತಂತ್ರದಲ್ಲಿ ತಮ್ಮ ಕಾಲದವರನ್ನೆಲ್ಲ ಮೀರಿಸಿಯೂ ಸೋತ ಈ ಮನುಷ್ಯರ ಕಥೆ ನನಗೆ ಮುಖ್ಯವೆನಿಸಿದೆ. ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಯಲ್ಲಿ ಅದನ್ನೇ ಹಂಚಿಕೊಳ್ಳುತ್ತೇನೆ.

ಮೆಲಿಯೆಸ್ ಹುಟ್ಟಿದ್ದು 1861ರ ಡಿಸೆಂಬರ್ 8ರಂದು, ಪ್ಯಾರಿಸ್ ನಗರದಲ್ಲಿ. ತಂದೆಯದು ಬೂಟು ತಯಾರಿಸುವ ಕಾರ್ಖಾನೆ. ಮೂವರು ಗಂಡುಮಕ್ಕಳಲ್ಲಿ ಇವರೇ ಕಿರಿಯರು. ಶಾಲೆಯ ನೋಟ್‌ಪುಸ್ತಕಗಳ ತುಂಬ ಚಿತ್ರ ಬಿಡಿಸುವುದು, ಬೊಂಬೆಯಾಟಕ್ಕೆ ಪುಟ್ಟ ರಂಗಮಂದಿರ ಕಟ್ಟುವುದು ಬಾಲಕನ ಹುಚ್ಚು. ಮುಂದೆ ಚಿತ್ರಕಲೆ ಓದಬೇಕೆಂಬ ಆಸೆಗೆ ತಂದೆ ಒಪ್ಪಲಿಲ್ಲ. ಕಾರ್ಖಾನೆಯ ಯಂತ್ರಗಳ ಉಸ್ತುವಾರಿಗೆ ಹಾಕಿದರು. ಒಲ್ಲದ ಮನಸ್ಸಿನಿಂದ ಕಲಿತ ಆ ಯಂತ್ರವಿದ್ಯೆಯೇ ಮುಂದೆ ಕೈಹಿಡಿಯಿತು. 1884ರಲ್ಲಿ ವ್ಯಾಪಾರ ಮತ್ತು ಇಂಗ್ಲಿಷ್ ಕಲಿಯಲೆಂದು ಲಂಡನ್ನಿಗೆ ಕಳುಹಿಸಿದಾಗ ಅವರು ಈಜಿಪ್ಷಿಯನ್ ಹಾಲ್ ಎಂಬ ಜಾದೂ ಮಂದಿರಕ್ಕೆ ಮತ್ತೆಮತ್ತೆ ಹೋಗತೊಡಗಿದರು. ವ್ಯಾಪಾರ ಹಿಂದೆ ಬಿತ್ತು, ಇಂದ್ರಜಾಲ ಹತ್ತಿತು.

1888ರಲ್ಲಿ ತಂದೆ ನಿವೃತ್ತರಾದರು. ಮೆಲಿಯೆಸ್ ಕಾರ್ಖಾನೆಯಲ್ಲಿನ ತಮ್ಮ ಪಾಲನ್ನು ಅಣ್ಣಂದಿರಿಗೆ ಮಾರಿ, ಆ ಹಣದಲ್ಲಿ ಪ್ಯಾರಿಸ್‌ನ ಹೆಸರಾಂತ ರಾಬರ್ಟ್ ಹೂಡಿನ್ ಜಾದೂ ರಂಗಮಂದಿರವನ್ನೇ ಕೊಂಡರು. ಸುಮಾರು 200 ಆಸನಗಳ ಚಿಕ್ಕ ಮಂದಿರ. ಪ್ರದರ್ಶನಗಳನ್ನು ರೂಪಿಸುವುದು, ಪರದೆ ಬರೆಯುವುದು, ಯಂತ್ರದ ಬೊಂಬೆಗಳನ್ನು ದುರಸ್ತಿ ಮಾಡುವುದು, ಎಲ್ಲದರಲ್ಲೂ ಅವರ ಕೈ ಇರುತ್ತಿತ್ತು.

1895ರ ಡಿಸೆಂಬರ್ ಕೊನೆಯಲ್ಲಿ ಲೂಮಿಯೇರ್ ಸಹೋದರರು ಪ್ಯಾರಿಸ್‌ನಲ್ಲಿ ಚಲಿಸುವ ಚಿತ್ರಗಳನ್ನು ತೋರಿಸಿದರು. ಅದನ್ನು ನೋಡಿದ ಮೆಲಿಯೆಸ್ ಯಂತ್ರವನ್ನು ತಮಗೆ ಮಾರುವಂತೆ ಕೇಳಿದರು. ಅವರು ಕೊಡಲಿಲ್ಲ. ಇವರು ಸುಮ್ಮನೆ ಕೂರಲಿಲ್ಲ. ಲಂಡನ್ನಿನ ರಾಬರ್ಟ್ ಪಾಲ್ ಎಂಬ ತಯಾರಕರಿಂದ ಒಂದು ಪ್ರೊಜೆಕ್ಟರ್ ತಂದು, ಬಿಚ್ಚಿ ನೋಡಿ, ತಾವೇ ಕ್ಯಾಮೆರಾ ಮಾಡಿಕೊಂಡರು. 1896ರಲ್ಲಿ ಅವರ ಚಿತ್ರ ನಿರ್ಮಾಣ ಶುರುವಾಯಿತು.

ಆ ಕಾಲದ ಒಂದು ಘಟನೆಯನ್ನು ಅವರು ಮುಂದೆ ಹೇಳಿಕೊಂಡಿದ್ದಾರೆ. ಪ್ಯಾರಿಸ್‌ನ ಒಂದು ಚೌಕದಲ್ಲಿ ಬೀದಿಯ ಓಡಾಟ ಚಿತ್ರಿಸುತ್ತಿದ್ದಾಗ ಫಿಲ್ಮ್ ಸಿಕ್ಕಿಕೊಂಡು ಕ್ಯಾಮೆರಾ ನಿಂತಿತು. ಸರಿಪಡಿಸಿ ಮತ್ತೆ ತಿರುಗಿಸಿದರು. ಪರದೆಯ ಮೇಲೆ ನೋಡಿದಾಗ ಜನರನ್ನು ಹೊತ್ತು ಹೋಗುತ್ತಿದ್ದ ಬಸ್ಸು ಇದ್ದಕ್ಕಿದ್ದಂತೆ ಹೆಣ ಸಾಗಿಸುವ ಗಾಡಿಯಾಗಿತ್ತು! ಕ್ಯಾಮೆರಾ ನಿಲ್ಲಿಸಿ, ವಸ್ತುವನ್ನು ಬದಲಿಸಿ, ಮತ್ತೆ ಓಡಿಸುವ ಈ ಉಪಾಯವನ್ನು ಅಮೆರಿಕದ ಎಡಿಸನ್ ಕಂಪನಿಯವರು 1895ರಲ್ಲೇ ಒಂದು ಚಿತ್ರದಲ್ಲಿ ಬಳಸಿದ್ದರು. ಆದರೆ ಅದನ್ನು ಒಂದು ಕಲೆಯನ್ನಾಗಿ ಬೆಳೆಸಿದವರು ಮೆಲಿಯೆಸ್. ಅದೇ ವರ್ಷ ಅವರು ಕುರ್ಚಿಯಲ್ಲಿ ಕೂತ ಹೆಂಗಸನ್ನು ಮಾಯ ಮಾಡುವ ಚಿತ್ರ ತೆಗೆದರು. ರಂಗದ ಮೇಲಾದರೆ ಇದಕ್ಕೆ ನೆಲದಲ್ಲಿ ಕಳ್ಳಬಾಗಿಲು ಬೇಕು. ಸಿನಿಮಾದಲ್ಲಿ ಅದರ ಹಂಗಿಲ್ಲ. ಆ ಚಿತ್ರದಲ್ಲಿ ಮಾಯವಾದ ನಟಿಯ ಹೆಸರು ಜೆಹಾನ್ ಡಾಲ್ಸಿ. ಅವರ ಹೆಸರನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

1897ರಲ್ಲಿ ಪ್ಯಾರಿಸ್ ಹೊರವಲಯದ ಮಾಂತ್ರೇ ಎಂಬಲ್ಲಿ, ಕುಟುಂಬದ ಜಮೀನಿನಲ್ಲಿ, ಗಾಜಿನ ಗೋಡೆ ಮತ್ತು ಗಾಜಿನ ಮಾಡಿನ ಸ್ಟುಡಿಯೋ ಎದ್ದಿತು. ಬಿಸಿಲೇ ಅದರ ದೀಪ. ಅಲ್ಲಿ ಮೆಲಿಯೆಸ್ ಮಾಡಿದ ಕೆಲಸ ಓದಿದರೆ ಇಂಜಿನಿಯರ್ ಆದವನಿಗೆ ರೋಮಾಂಚನವಾಗುತ್ತದೆ. 1900ರ ಒಂದು ಚಿತ್ರದಲ್ಲಿ ಏಳು ಮಂದಿ ವಾದ್ಯಗಾರರಿದ್ದಾರೆ, ಏಳೂ ಮಂದಿ ಮೆಲಿಯೆಸ್ಸೇ. ಒಂದೇ ಫಿಲ್ಮ್ ಸುರುಳಿಯನ್ನು ಪ್ರತಿ ಸಲ ಹಿಂದಕ್ಕೆ ಸುತ್ತಿ ಏಳು ಬಾರಿ ಕ್ಯಾಮೆರಾದಲ್ಲಿ ಓಡಿಸಬೇಕು. ಪ್ರತಿ ಬಾರಿಯೂ ಲೆಕ್ಕ ಹಾಕಿದ ಜಾಗದಲ್ಲೇ ಕೂರಬೇಕು, ಲೆಕ್ಕ ಹಾಕಿದ ಹೊತ್ತಿಗೇ ತಿರುಗಬೇಕು. ಏಳನೆಯ ಸಲ ತಪ್ಪಿದರೆ ಮೊದಲ ಆರೂ ವ್ಯರ್ಥ. ನಾವು ಕಂಪ್ಯೂಟರಿನಲ್ಲಿ ಒಂದು ಪದರದ ಮೇಲೆ ಇನ್ನೊಂದು ಪದರ ಇಟ್ಟು ಮಾಡುವ ಕೆಲಸ ಇದೇ. ಅವರಿಗೆ ಮಾತ್ರ ಮಾಡಿದ್ದನ್ನು ಅಳಿಸಿ ಹಿಂದಕ್ಕೆ ಹೋಗುವ ಗುಂಡಿ ಇರಲಿಲ್ಲ. 1901ರ ಇನ್ನೊಂದು ಚಿತ್ರದಲ್ಲಿ ಅವರ ತಲೆ ಬಲೂನಿನಂತೆ ಊದುತ್ತದೆ. ಕ್ಯಾಮೆರಾ ಅಲುಗಾಡಿಲ್ಲ. ಇಳಿಜಾರು ಹಳಿಯ ಮೇಲಿನ ಗಾಡಿಯಲ್ಲಿ ಕೂತು ಅವರೇ ಕ್ಯಾಮೆರಾದ ಹತ್ತಿರ ಬರುತ್ತಾರೆ!

ಇದೆಲ್ಲದರ ತುದಿ 1902ರ ಚಂದ್ರಯಾನದ ಚಿತ್ರ. ಆಗಿನ ಚಿತ್ರಗಳಲ್ಲಿ ಹೆಚ್ಚಿನವು ಒಂದೆರಡು ನಿಮಿಷದವು. ಇದು ಸುಮಾರು 14 ನಿಮಿಷದ್ದು. ತಿಂಗಳುಗಟ್ಟಲೆ ದುಡಿಮೆ, ಸುಮಾರು 10,000 ಫ್ರಾಂಕ್ ಖರ್ಚು. ವಿಜ್ಞಾನಿಗಳ ತಂಡವೊಂದು ದೊಡ್ಡ ಫಿರಂಗಿಯಿಂದ ಹಾರಿ ಚಂದ್ರನ ಕಣ್ಣಿಗೇ ಹೋಗಿ ನಾಟಿಕೊಳ್ಳುವ ದೃಶ್ಯವನ್ನು ಚಿತ್ರ ನೋಡದವರೂ ಎಲ್ಲಾದರೂ ಕಂಡಿರುತ್ತಾರೆ. ಬಣ್ಣದ ಫಿಲ್ಮ್ ಇಲ್ಲದ ಕಾಲ ಅದು. ಎಲಿಸಬೆತ್ ತುಯಿಲ್ಯೇ ಎಂಬಾಕೆಯ ಕಾರ್ಯಾಗಾರದಲ್ಲಿ ಹೆಂಗಸರು ಸಣ್ಣ ಕುಂಚ ಹಿಡಿದು ಒಂದೊಂದೇ ಚೌಕಟ್ಟಿಗೆ ಕೈಯಿಂದ ಬಣ್ಣ ಹಚ್ಚುತ್ತಿದ್ದರು. ಚಿತ್ರ ಯುರೋಪಿನಲ್ಲೂ ಅಮೆರಿಕದಲ್ಲೂ ಜನಪ್ರಿಯವಾಯಿತು. ಆದರೆ ಅಮೆರಿಕದಲ್ಲಿ ಎಡಿಸನ್ ಕಂಪನಿ ಸೇರಿದಂತೆ ಹಲವರು ಕಳ್ಳಪ್ರತಿ ತೆಗೆದು ಮಾರಿದರು. ಲಾಭದ ದೊಡ್ಡ ಪಾಲು ಅವರದಾಯಿತು. ಅದನ್ನು ತಡೆಯಲೆಂದೇ 1903ರಲ್ಲಿ ಅಣ್ಣ ಗಾಸ್ತೋನ್ ನ್ಯೂಯಾರ್ಕ್‌ಗೆ ಹೋಗಿ ಶಾಖೆ ತೆರೆಯಬೇಕಾಯಿತು.

ಈ ಚಿತ್ರದ ಕಥೆಯೇನು? ಹೋದರು, ಚಂದ್ರಲೋಕದವರ ಕೈಗೆ ಸಿಕ್ಕಿದರು, ತಪ್ಪಿಸಿಕೊಂಡು ಬಂದರು. ಅಷ್ಟೇ. ಆ ವಿಜ್ಞಾನಿಗಳಲ್ಲಿ ಯಾರಿಗೆ ಹೆಂಡತಿ ಮಕ್ಕಳಿದ್ದರು, ಯಾರಿಗೆ ಭಯವಾಯಿತು, ಒಂದೂ ತಿಳಿಯುವುದಿಲ್ಲ. ಮೆಲಿಯೆಸ್ಸರಿಗೆ ಇದರಲ್ಲಿ ಕೊರತೆಯೇನೂ ಕಾಣಲಿಲ್ಲ. ಮೊದಲು ಚಮತ್ಕಾರಗಳನ್ನೂ ದೃಶ್ಯಗಳನ್ನೂ ಯೋಚಿಸಿ, ಕಥೆಯನ್ನು ಕೊನೆಯಲ್ಲಿ ಹೊಂದಿಸುವುದು ತಮ್ಮ ಕ್ರಮವೆಂದು ಅವರೇ ಹೇಳಿಕೊಂಡಿದ್ದಾರೆ. ಅವರ ಪಾಲಿಗೆ ಕಥೆಯೆಂದರೆ ಹೂಗಳನ್ನು ಹಿಡಿದಿಡುವ ದಾರ. ಆಗಿನ ಪ್ರೇಕ್ಷಕರೂ ದಾರವನ್ನು ಕೇಳಲಿಲ್ಲ, ಹೂವಿಗೇ ಕೈ ಚಾಚಿದರು. ಅಂದರೆ ದೃಶ್ಯವೈಭವ ಕಥೆಯ ಕೊರತೆಯನ್ನು ತುಂಬಬಲ್ಲದೇ ಎಂದು 1902ರಲ್ಲಿ ಕೇಳಿದ್ದರೆ ಉತ್ತರ ತುಂಬಬಲ್ಲದು ಎಂದೇ ಆಗುತ್ತಿತ್ತು. ಈ ಮಾತನ್ನು ನಾವು ಒಪ್ಪಬೇಕು.

ಆದರೆ ಅಚ್ಚರಿಗೆ ಆಯುಸ್ಸು ಕಡಿಮೆ. ಮರುವರ್ಷವೇ, 1903ರಲ್ಲಿ, ಅಮೆರಿಕದ ಎಡ್ವಿನ್ ಪೋರ್ಟರ್ ರೈಲು ದರೋಡೆಯ ಚಿತ್ರ ಮಾಡಿದರು. ಅದರಲ್ಲಿ ರೈಲ್ವೆ ಕಚೇರಿಯ ಕಿಟಕಿಯಾಚೆ ರೈಲು ಬಂದು ನಿಲ್ಲುವುದು ಕಾಣುತ್ತದೆ. ಬೇರೆಬೇರೆ ಚಿತ್ರಿಸಿ ಒಂದೇ ಚೌಕಟ್ಟಿನಲ್ಲಿ ಕೂಡಿಸಿದ ತಂತ್ರ ಅದು, ಮೆಲಿಯೆಸ್ ಬಳಸುತ್ತಿದ್ದ ಜಾತಿಯದೇ. ವ್ಯತ್ಯಾಸ ಇಷ್ಟೇ. ಮೆಲಿಯೆಸ್ ಚಿತ್ರದಲ್ಲಿ ತಂತ್ರ ಮುಂದೆ ಬಂದು ಕೈಮುಗಿದು ಚಪ್ಪಾಳೆ ಕೇಳುತ್ತಿತ್ತು. ಇಲ್ಲಿ ನೋಡುವವರಿಗೆ ತಂತ್ರ ಕಾಣುವುದೇ ಇಲ್ಲ, ದರೋಡೆಕೋರರು ಸಿಕ್ಕಿಬೀಳುತ್ತಾರೋ ಇಲ್ಲವೋ ಎಂಬುದಷ್ಟೇ ಕಾಣುತ್ತದೆ. ಕೆಲವೇ ವರ್ಷಗಳಲ್ಲಿ ಗ್ರಿಫಿತ್‌ರಂಥ ನಿರ್ದೇಶಕರು ಅಪಾಯದಲ್ಲಿರುವವರನ್ನೂ ರಕ್ಷಿಸಲು ಓಡಿಬರುವವರನ್ನೂ ಒಬ್ಬರಾದ ಮೇಲೊಬ್ಬರಂತೆ ತೋರಿಸಿ ಪ್ರೇಕ್ಷಕರ ಉಸಿರು ಬಿಗಿಹಿಡಿಸಿದರು. ಮೆಲಿಯೆಸ್ಸರ ಕ್ಯಾಮೆರಾ ಮಾತ್ರ ನಾಟಕ ನೋಡುವವನ ಕುರ್ಚಿಯನ್ನು ಬಿಟ್ಟು ಏಳಲೇ ಇಲ್ಲ. ಪಾತ್ರದ ಮುಖದಲ್ಲಿ ಏನಾಗುತ್ತಿದೆ ಎಂದು ನೋಡಲು ಅದು ಬಹುತೇಕ ಹತ್ತಿರ ಹೋಗಲಿಲ್ಲ.

1912ರಲ್ಲಿ ಅವರು ಧ್ರುವಯಾತ್ರೆಯ ದೊಡ್ಡ ಚಿತ್ರವೊಂದನ್ನು ತಂದರು. ಹಕ್ಕಿಯ ತಲೆಯಿರುವ ವಿಮಾನ, ಹಿಮದೊಳಗಿಂದ ಎದ್ದು ಯಾತ್ರಿಕರನ್ನು ನುಂಗುವ ಬೃಹತ್ ರಾಕ್ಷಸ ಬೊಂಬೆ. ಕೈಚಳಕದಲ್ಲಿ ಅವರ ಅತ್ಯುತ್ತಮ ಕೆಲಸಗಳಲ್ಲಿ ಒಂದು. ಆದರೆ ಅಮುಂಡ್ಸೆನ್ ದಕ್ಷಿಣ ಧ್ರುವ ಮುಟ್ಟಿದ್ದು 1911ರ ಡಿಸೆಂಬರ್‌ನಲ್ಲಿ, ಆ ಸುದ್ದಿ ಜಗತ್ತಿಗೆ ತಲುಪಿದ್ದು 1912ರ ಮಾರ್ಚ್‌ನಲ್ಲಿ. ನಿಜವಾದ ಮನುಷ್ಯರು ಹಿಮದಲ್ಲಿ ಪಟ್ಟ ಪಾಡನ್ನು ಜನ ಪತ್ರಿಕೆಗಳಲ್ಲಿ ಓದುತ್ತಿದ್ದ ವರ್ಷವದು. ಹತ್ತು ವರ್ಷ ಹಿಂದಿನ ಚಂದ್ರಯಾನದ ಅಚ್ಚಿನಲ್ಲೇ ಎರಕ ಹೊಯ್ದ ಧ್ರುವಯಾತ್ರೆ ಅವರಿಗೆ ರುಚಿಸಲಿಲ್ಲ. ಚಿತ್ರ ಸೋತಿತು.

ಸೋಲಿನ ಹೊಣೆಯನ್ನೆಲ್ಲ ಕಥೆಯ ಮೇಲೆ ಹೊರಿಸಿದರೆ ಅನ್ಯಾಯವಾಗುತ್ತದೆ. ಅಮೆರಿಕದಲ್ಲಿ ನಕಲಿಗಳು ಲಾಭ ತಿಂದವು. ಚಿತ್ರದ ಪ್ರತಿಗಳನ್ನು ಮಾರುವ ಪದ್ಧತಿ ಹೋಗಿ ಬಾಡಿಗೆಗೆ ಕೊಡುವ ಪದ್ಧತಿ ಬಂತು. ಕೈಯಿಂದಲೇ ಎಲ್ಲವನ್ನೂ ಮಾಡುವ ಒಬ್ಬ ಕಸುಬುಗಾರ ಕಾರ್ಖಾನೆಯ ವೇಗದ ಕಂಪನಿಗಳೆದುರು ನಿಲ್ಲುವುದು ಕಷ್ಟವಾಯಿತು. 1911ರಲ್ಲಿ ಅವರು ಮನೆ ಮತ್ತು ಸ್ಟುಡಿಯೋಗಳನ್ನು ಆಧಾರವಿಟ್ಟು ಪಾಥೆ ಕಂಪನಿಯಿಂದ ಹಣ ಪಡೆದಿದ್ದರು. ಆದರೂ ಒಂದು ಮಾತು ಉಳಿಯುತ್ತದೆ. ಪ್ರೇಕ್ಷಕರು ಅವರ ಹೊಸ ಚಿತ್ರಕ್ಕಾಗಿ ಕಾದು ಕುಳಿತಿದ್ದರೆ ಈ ಕಷ್ಟಗಳನ್ನು ದಾಟಲು ದಾರಿಯಿರುತ್ತಿತ್ತು. ಜನ ಕಾಯಲಿಲ್ಲ.

1913ರಲ್ಲಿ ಪತ್ನಿ ತೀರಿಕೊಂಡರು. ಚಿತ್ರ ನಿರ್ಮಾಣವೂ ನಿಂತಿತು. ಮರುವರ್ಷ ಮಹಾಯುದ್ಧ ಶುರುವಾಯಿತು. ಸೈನ್ಯವು ಅವರ ನೂರಾರು ಪ್ರಿಂಟ್‌ಗಳನ್ನು ವಶಪಡಿಸಿಕೊಂಡು ಕರಗಿಸಿತು. ಅದರ ಸೆಲ್ಯುಲಾಯ್ಡ್ ಬೂಟಿನ ಹಿಮ್ಮಡಿ ಮಾಡಲು ಹೋಯಿತು. ಬೂಟು ಕಾರ್ಖಾನೆಯಿಂದ ತಪ್ಪಿಸಿಕೊಂಡು ಬಂದವರ ಕನಸುಗಳು ಕೊನೆಗೆ ಬೂಟಿನ ಅಡಿಗೇ ಸೇರಿದವು. 1923ರಲ್ಲಿ ರಸ್ತೆಯನ್ನು ಮುಂದಕ್ಕೆ ವಿಸ್ತರಿಸಲು ರಾಬರ್ಟ್ ಹೂಡಿನ್ ರಂಗಮಂದಿರವನ್ನು ಉರುಳಿಸಿದರು. ಮಾಂತ್ರೇಯ ಆಸ್ತಿ ಸಾಲಕ್ಕೆ ಹೋಯಿತು. ಆ ದುಃಖ ಮತ್ತು ಸಿಟ್ಟಿನಲ್ಲಿ ಮೆಲಿಯೆಸ್ ಅಲ್ಲಿ ಉಳಿದಿದ್ದ ತಮ್ಮ ನೆಗೆಟಿವ್‌ಗಳಿಗೆ ತಾವೇ ಬೆಂಕಿ ಹಚ್ಚಿದರು. ಸುಮಾರು 520 ಚಿತ್ರ ತೆಗೆದವರದ್ದು ಇಂದು ಉಳಿದಿರುವುದು 200ರಷ್ಟು ಮಾತ್ರ.

1925ರಲ್ಲಿ ಅವರು ಜೆಹಾನ್ ಡಾಲ್ಸಿಯವರನ್ನು ಮದುವೆಯಾದರು. 1896ರಲ್ಲಿ ಕುರ್ಚಿಯಿಂದ ಮಾಯವಾಗಿದ್ದ ಅದೇ ನಟಿ. ಪ್ಯಾರಿಸ್‌ನ ಮಾನ್‌ಪಾರ್ನಾಸ್ ರೈಲು ನಿಲ್ದಾಣದಲ್ಲಿ ಇಬ್ಬರೂ ಆಟಿಕೆ ಮತ್ತು ಮಿಠಾಯಿ ಮಾರುವ ಪುಟ್ಟ ಅಂಗಡಿಯಲ್ಲಿ ದಿನವಿಡೀ ಕೂರುತ್ತಿದ್ದರು. ಜಗತ್ತಿಗೆ ಚಂದ್ರನನ್ನು ತೋರಿಸಿದ ಮುದುಕರು ಇವರೇ ಎಂದು ರೈಲಿಗೆ ಓಡುವ ಜನಕ್ಕೆ ಗೊತ್ತಿರಲಿಲ್ಲ. ಇಪ್ಪತ್ತರ ದಶಕದ ಕೊನೆಯಲ್ಲಿ ಸಿನಿಮಾ ಪತ್ರಕರ್ತರು ಅವರನ್ನು ಗುರುತಿಸಿದರು. ಕಳೆದುಹೋದವೆಂದುಕೊಂಡಿದ್ದ ಕೆಲವು ಚಿತ್ರಗಳು ಸಿಕ್ಕಿದವು. 1929ರ ಡಿಸೆಂಬರ್ 16ರಂದು ಪ್ಯಾರಿಸ್‌ನ ದೊಡ್ಡ ಸಭಾಂಗಣದಲ್ಲಿ ಅವುಗಳ ಪ್ರದರ್ಶನ ಮತ್ತು ಸನ್ಮಾನ ನಡೆಯಿತು. 1931ರಲ್ಲಿ ಫ್ರಾನ್ಸಿನ ಲೀಜನ್ ಆಫ್ ಆನರ್ ಗೌರವ ಬಂತು. ಅದನ್ನು ಅವರಿಗೆ ತೊಡಿಸಿದವರು, ಯಂತ್ರ ಮಾರಲು ಒಪ್ಪದಿದ್ದ ಆ ಲೂಮಿಯೇರ್ ಕುಟುಂಬದ ಲೂಯಿ ಲೂಮಿಯೇರ್. 1932ರಿಂದ ಸಿನಿಮಾದವರ ವೃದ್ಧಾಶ್ರಮದಲ್ಲಿದ್ದು, 1938ರ ಜನವರಿ 21ರಂದು ಮೆಲಿಯೆಸ್ ತೀರಿಕೊಂಡರು.

ಅವರ ತಂತ್ರಗಳು ಸಾಯಲಿಲ್ಲ. ನಮ್ಮೂರಿನ ಹಿರಿಯರು ಮೆಚ್ಚಿ ನೋಡಿದ 1977ರ ಬಬ್ರುವಾಹನ ಚಿತ್ರದಲ್ಲಿ ಡಾ. ರಾಜ್‌ಕುಮಾರ್ ಅರ್ಜುನನಾಗಿಯೂ ಬಬ್ರುವಾಹನನಾಗಿಯೂ ಎದುರುಬದುರು ನಿಲ್ಲುತ್ತಾರೆ. ಒಬ್ಬನೇ ನಟ ಇಬ್ಬರಾಗುವ ಆ ವಿದ್ಯೆಯ ಮೂಲ ಪುರುಷರಲ್ಲಿ ಮೆಲಿಯೆಸ್ ಒಬ್ಬರು. ಆದರೆ ಆ ಚಿತ್ರ ನೋಡಿದವರನ್ನು ಕೇಳಿ ನೋಡಿ. ಇಬ್ಬರನ್ನು ಒಟ್ಟಿಗೆ ಹೇಗೆ ತೋರಿಸಿದರು ಎಂಬುದನ್ನು ಅವರು ಮೊದಲು ಹೇಳುವುದಿಲ್ಲ. ತಾಯಿಯನ್ನು ಹೀನಾಯವಾಗಿ ಆಡಿದ ತಂದೆಯ ಎದುರು ಮಗ ಸೆಟೆದು ನಿಂತ ಸಂಕಟವನ್ನು ಹೇಳುತ್ತಾರೆ. ತಂತ್ರ ಕಥೆಯ ಕೈಯಾಳಾದಾಗ ಹೀಗೆ ಐವತ್ತು ವರ್ಷ ಬಾಳುತ್ತದೆ.

2011ರಲ್ಲಿ ಮಾರ್ಟಿನ್ ಸ್ಕಾರ್ಸೆಸೆ ಅವರು ಹ್ಯೂಗೋ ಎಂಬ ತ್ರೀಡಿ ಚಿತ್ರದಲ್ಲಿ ಮೆಲಿಯೆಸ್ಸರನ್ನೇ ಒಂದು ಪಾತ್ರವಾಗಿಸಿದರು. ವಿಷುಯಲ್ ಎಫೆಕ್ಟ್ಸ್ ಸೇರಿದಂತೆ ಐದು ಆಸ್ಕರ್ ಪ್ರಶಸ್ತಿ ಅದಕ್ಕೆ ಬಂದವು. ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಅದರ ಎಫೆಕ್ಟ್ಸ್ ಅಲ್ಲ, ಆಟಿಕೆ ಅಂಗಡಿಯಲ್ಲಿ ಮುಖ ಗಂಟಿಕ್ಕಿ ಕೂತ ಮುದುಕ ಮತ್ತು ಅವರ ಮೌನವನ್ನು ಬಿಡಿಸಲು ಹೊರಟ ಹುಡುಗ. ಮೆಲಿಯೆಸ್ ತಮ್ಮ ಚಿತ್ರಗಳಿಗೆ ಬೇಡವೆಂದುಕೊಂಡ ಕಥೆ ಅವರ ಬಾಳಿನಲ್ಲೇ ಇತ್ತು.

ಇಂದು ನಮ್ಮ ಶಾಲೆಯ ಮಕ್ಕಳು ಫೋನಿನಲ್ಲೇ ಒಬ್ಬರನ್ನು ಇಬ್ಬರಾಗಿಸುತ್ತಾರೆ, ಆಕಾಶದಲ್ಲಿ ಹಾರಿಸುತ್ತಾರೆ. ಅನಿಮೇಷನ್ ಕಲಿಯಬೇಕೆಂಬ ಆಸೆಯವರೂ ಇದ್ದಾರೆ, ಖಂಡಿತ ಕಲಿಯಲಿ. ಆ ವಿದ್ಯೆ ಹೇಳಿಕೊಡಲು ಊರೂರಲ್ಲಿ ಸಂಸ್ಥೆಗಳಿವೆ. ಹಾರುತ್ತಿರುವವನು ಯಾರು, ಅವನಿಗೆ ಏನು ಬೇಕಾಗಿದೆ, ಬಿದ್ದರೆ ಅಳುವವರು ಯಾರು ಎಂಬುದನ್ನು ಸಾಫ್ಟ್‌ವೇರ್ ಹೇಳಿಕೊಡುವುದಿಲ್ಲ. ಅದನ್ನು ಕಲಿಸುವುದು ಕನ್ನಡ ಪಾಠದ ಗದ್ಯ ಪದ್ಯಗಳು, ಗ್ರಂಥಾಲಯದ ಬೀರುವಿನ ಕಾದಂಬರಿಗಳು, ರಾತ್ರಿಯಿಡೀ ನಡೆಯುವ ಬಯಲಾಟ. ಕಣ್ಣಿಗೆ ಹಬ್ಬ ಮಾಡುವ ಚಿತ್ರಕ್ಕೆ ಜನ ಒಮ್ಮೆ ಬರುತ್ತಾರೆ. ಎರಡನೆಯ ಸಲ ಬರುವುದು ಅದರೊಳಗಿನ ಮನುಷ್ಯರನ್ನು ನೋಡಲು.