ಬಸವನಗುಡಿಯ ವಾಡಿಯಾ, ಪೆರಂಬೂರಿನ ವಾಡಿಯಾ

ಬೆಂಗಳೂರಿನ ಬಸವನಗುಡಿಯ ಪರಿಚಯವಿರುವವರಿಗೆ ಬಿ.ಪಿ. ವಾಡಿಯಾ ರಸ್ತೆ ಗೊತ್ತೇ ಇರುತ್ತದೆ. ಅಲ್ಲಿರುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಅನ್ನು ನಮ್ಮ ಕಡೆ ಯಾರೂ ಅಷ್ಟುದ್ದ ಹೆಸರಿನಿಂದ ಕರೆಯುವುದಿಲ್ಲ, ವಾಡಿಯಾ ಇನ್‌ಸ್ಟಿಟ್ಯೂಟ್ ಅಂದರೆ ಸಾಕು. ಪುಸ್ತಕ ತರಲು, ಉಪನ್ಯಾಸ ಕೇಳಲು, ಸಂಗೀತ ಕೇಳಲು ಹೋಗುತ್ತಿದ್ದ ಜಾಗ ಅದು. ಮದುವೆಯಾಗಿ ಮದರಾಸಿಗೆ ಬಂದ ಮೇಲೆ ಇಲ್ಲಿ ಇನ್ನೊಬ್ಬ ವಾಡಿಯಾ ಅವರ ಹೆಸರು ಕಿವಿಗೆ ಬಿತ್ತು. ಪೆರಂಬೂರಿನ ಬಟ್ಟೆ ಗಿರಣಿಯ ಕೂಲಿಗಳನ್ನು ಒಟ್ಟುಗೂಡಿಸಿ ದೇಶದ ಮೊದಲ ವ್ಯವಸ್ಥಿತ ಕಾರ್ಮಿಕ ಸಂಘ ಕಟ್ಟಿದವರು ಅವರು. ಇಬ್ಬರೂ ಒಬ್ಬರೇ ಎಂದು ತಿಳಿದಾಗಿನಿಂದ ಅವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತ ಬಂದಿದ್ದೇನೆ. ಈ ಸಲದ ಸಂಚಿಕೆಗೆ ಅವರ ಕಥೆಯನ್ನೇ ಹೇಳುತ್ತೇನೆ.

ಬಹಮನ್ ಪೆಸ್ತನ್‌ಜಿ ವಾಡಿಯಾ ಹುಟ್ಟಿದ್ದು 1881ರಲ್ಲಿ, ಮುಂಬಯಿಯ ಪಾರ್ಸಿ ಮನೆತನದಲ್ಲಿ. ಚಿಕ್ಕ ವಯಸ್ಸಿನಲ್ಲೇ ಥಿಯಾಸಫಿಯ ಕಡೆ ಒಲವು ಬೆಳೆಯಿತು. ಇಪ್ಪತ್ತರ ಹರೆಯದಲ್ಲಿ ಮುಂಬಯಿ ಬಿಟ್ಟು ಮದರಾಸಿನ ಅಡ್ಯಾರ್‌ಗೆ ಬಂದು ಆನಿ ಬೆಸೆಂಟರ ಜೊತೆ ಕೆಲಸಕ್ಕೆ ನಿಂತರು. ಸೊಸೈಟಿಯ ಪುಸ್ತಕ ಪ್ರಕಟಣೆಯನ್ನು ನೋಡಿಕೊಂಡರು, ಬೆಸೆಂಟರ ‘ನ್ಯೂ ಇಂಡಿಯಾ’ ಪತ್ರಿಕೆಯಲ್ಲಿ ದುಡಿದರು, ಹೋಂ ರೂಲ್ ಚಳವಳಿಯಲ್ಲೂ ಇದ್ದರು. 1917ರ ಜೂನ್‌ನಲ್ಲಿ ಸರ್ಕಾರ ಬೆಸೆಂಟ್, ಅರುಂಡೇಲ್ ಮತ್ತು ವಾಡಿಯಾ ಮೂವರನ್ನೂ ಊಟಿಯಲ್ಲಿ ನಿರ್ಬಂಧದಲ್ಲಿಟ್ಟಿತು. ದೇಶವೆಲ್ಲ ಗದ್ದಲವೆದ್ದಿತು. ಸೆಪ್ಟೆಂಬರ್ ಹೊತ್ತಿಗೆ ಬಿಡಬೇಕಾಯಿತು.

ಬೆಸೆಂಟ್ ಎಂದರೆ ನಮಗೆ ಹೋಂ ರೂಲ್ ನೆನಪಾಗುತ್ತದೆ. ಆದರೆ ಭಾರತಕ್ಕೆ ಬರುವ ಮೊದಲೇ, 1888ರಲ್ಲಿ, ಲಂಡನ್ನಿನ ಬೆಂಕಿಪೊಟ್ಟಣ ಕಾರ್ಖಾನೆಯ ಹೆಣ್ಣುಮಕ್ಕಳ ಪರವಾಗಿ ನಿಂತವರು ಅವರು. ಪುಡಿಗಾಸು ಸಂಬಳ, ಅದರಲ್ಲೂ ಮಾತು ಮಾತಿಗೆ ದಂಡ, ರಂಜಕದ ವಿಷದಿಂದ ದವಡೆಯ ಮೂಳೆಯೇ ಕೊಳೆಯುವ ರೋಗ. ಇದನ್ನು ಬೆಸೆಂಟ್ ಪತ್ರಿಕೆಯಲ್ಲಿ ಬರೆದರು. ಸುಮಾರು 1,400 ಹೆಂಗಸರು, ಹುಡುಗಿಯರು ಕೆಲಸ ಬಿಟ್ಟು ಹೊರಗೆ ಬಂದರು. ಕೆಲವೇ ವಾರಗಳಲ್ಲಿ ಗೆದ್ದು, ತಮ್ಮದೇ ಸಂಘ ಕಟ್ಟಿಕೊಂಡರು. ಅಂಥವರ ಗರಡಿಯಲ್ಲಿ ಪಳಗಿದವರು ವಾಡಿಯಾ. ಹಾಗಿದ್ದೂ ಕಾರ್ಮಿಕರನ್ನು ಹುಡುಕಿಕೊಂಡು ಅವರು ಹೋಗಲಿಲ್ಲ, ಕಾರ್ಮಿಕರ ಕಡೆಯವರೇ ಇವರನ್ನು ಹುಡುಕಿಕೊಂಡು ಬಂದರು ಎನ್ನುವುದನ್ನು ಒತ್ತಿ ಹೇಳಬೇಕು.

ಪೆರಂಬೂರಿನಲ್ಲಿ ಬಿನ್ನಿ ಕಂಪನಿಯ ಆಡಳಿತದ ಎರಡು ದೊಡ್ಡ ಮಿಲ್ಲುಗಳಿದ್ದವು, ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್. ಸಾವಿರಾರು ಜನರಿಗೆ ಕೆಲಸ ಕೊಟ್ಟಿದ್ದ ಜಾಗ. ಅಲ್ಲೇ ಹತ್ತಿರ ವ್ಯಾಪಾರ ಮಾಡಿಕೊಂಡಿದ್ದ ಸೆಲ್ವಪತಿ ಚೆಟ್ಟಿ, ಅವರ ಜೊತೆಗಾರ ರಾಮಾನುಜುಲು ನಾಯ್ಡು ಒಂದು ಭಕ್ತಿ ಸಭೆ ನಡೆಸುತ್ತಿದ್ದರು. ಪ್ರವಚನ ಕೇಳಲು ಬರುತ್ತಿದ್ದ ಮಿಲ್ಲಿನವರು ಪ್ರವಚನ ಮುಗಿದ ಮೇಲೆ ತಮ್ಮ ಕಷ್ಟ ತೋಡಿಕೊಳ್ಳುತ್ತಿದ್ದರು. ದೇವರ ನಾಮ ಕೇಳಲು ಕೂತವರ ನಡುವೆ ಯೂನಿಯನ್ ಮೊಳೆತದ್ದು ಹೀಗೆ. ದೊಡ್ಡ ದೊಡ್ಡ ಸಿದ್ಧಾಂತಗಳಿಂದಲ್ಲ ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ. ಇವರಿಬ್ಬರೂ ‘ನ್ಯೂ ಇಂಡಿಯಾ’ದ ವಾಡಿಯಾ ಅವರನ್ನು ಕಂಡು, ನೀವೇ ಬಂದು ನೋಡಿ ಎಂದು ಕರೆದರು.

ವಾಡಿಯಾ ಬಂದರು. ಅವರಿಗೆ ತಮಿಳು ಬಾರದು. ಇಂಗ್ಲಿಷಿನಲ್ಲಿ ಮಾತಾಡುವರು, ಅದನ್ನು ಅಲ್ಲೇ ನಿಂತು ತಮಿಳಿಗೆ ತಿರುಗಿಸಿ ಹೇಳುವರು. ವಾರ ವಾರ ಸಭೆ ಸೇರಿ, 1918ರ ಏಪ್ರಿಲ್ 27ರಂದು ಮದ್ರಾಸ್ ಲೇಬರ್ ಯೂನಿಯನ್ ಹುಟ್ಟಿತು. ವಾಡಿಯಾ ಅಧ್ಯಕ್ಷರು, ತಮಿಳಿನ ದೊಡ್ಡ ವಿದ್ವಾಂಸರಾದ ತಿರು.ವಿ.ಕ. ಉಪಾಧ್ಯಕ್ಷರು. ಮುಂಬಯಿಯ ನಮ್ಮ ಸದಸ್ಯೆಯರು ಇಲ್ಲಿ ನನ್ನನ್ನು ತಡೆದು, ನಾರಾಯಣ ಮೇಘಾಜಿ ಲೋಖಂಡೆ ಅವರನ್ನು ಮರೆತಿರಾ ಎಂದು ಕೇಳಬಹುದು. ಮರೆತಿಲ್ಲ. ಗಿರಣಿಯವರಿಗೆ 1890ರಲ್ಲೇ ಭಾನುವಾರದ ರಜೆ ಕೊಡಿಸಿದವರು ಅವರು. ಆದರೆ ಅವರ ಸಂಘಕ್ಕೆ ಸದಸ್ಯತ್ವ, ವಂತಿಗೆ, ಲೆಕ್ಕಪತ್ರ ಇರಲಿಲ್ಲ. ಅದಿದ್ದದ್ದು ಮದರಾಸಿನ ಸಂಘಕ್ಕೆ. ಚರಿತ್ರೆಕಾರರು ಇದನ್ನು ಮೊದಲನೆಯದು ಎನ್ನುವುದು ಅದಕ್ಕೇ.

ಆ ಜನ ಕೇಳಿದ್ದಾದರೂ ಏನು? ದಿನವೆಲ್ಲ ದುಡಿಯುವವರಿಗೆ ಮಧ್ಯಾಹ್ನದ ಊಟಕ್ಕೆ ಇದ್ದ ಬಿಡುವು ಅರ್ಧ ಗಂಟೆ. ಅಷ್ಟರಲ್ಲಿ ಕೈಕಾಲು ತೊಳೆದು, ಉಂಡು, ಗೇಟಿನೊಳಗೆ ಮರಳಿರಬೇಕು. ಸ್ವಲ್ಪ ತಡವಾದರೆ ಕೂಲಿಗೆ ಕತ್ತರಿ. ಅದನ್ನು ನಲವತ್ತು ನಿಮಿಷ ಮಾಡಿ ಎನ್ನುವುದು ಮೊದಲ ಬೇಡಿಕೆಗಳಲ್ಲಿ ಒಂದು. ಹತ್ತು ನಿಮಿಷ! ಬೆಳಗ್ಗೆ ಡಬ್ಬಿ ಕಟ್ಟಿ ಕಳಿಸುವ ನಮಗೆ ಆ ಹತ್ತು ನಿಮಿಷದ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ. ಮೇಲಿನವರ ಬೈಗುಳ, ಹೊಡೆತ ನಿಲ್ಲಬೇಕೆನ್ನುವುದು ಇನ್ನೊಂದು. ಯುದ್ಧದ ಕಾಲವಾದ್ದರಿಂದ ಅಕ್ಕಿಯ ಬೆಲೆ ಏರುತ್ತಿತ್ತು, ಕೂಲಿ ಏರುತ್ತಿರಲಿಲ್ಲ.

ವಾಡಿಯಾ ಮುಷ್ಕರದ ಮನುಷ್ಯರಲ್ಲ. ಮಿಲ್ಲಿನಲ್ಲಿ ಆಗ ಸೈನ್ಯಕ್ಕೆ ಖಾಕಿ ಬಟ್ಟೆ ತಯಾರಾಗುತ್ತಿತ್ತು. ಕೆಲಸ ನಿಲ್ಲಿಸಿದರೆ ಯುದ್ಧಕ್ಕೆ ತೊಂದರೆ ಎಂದು ಕಾರ್ಮಿಕರನ್ನು ಅವರೇ ಹಿಡಿದು ನಿಲ್ಲಿಸಿದ್ದುಂಟು. ಹಾಗಿದ್ದರೂ 1918ರ ಕೊನೆಯಲ್ಲಿ ಆಡಳಿತದವರು ಮಿಲ್ಲಿಗೆ ಬೀಗ ಹಾಕಿದರು. ಇಷ್ಟೊಂದು ಸೌಮ್ಯವಾಗಿ ನಡೆದುಕೊಳ್ಳುವ ಅಗತ್ಯವಿತ್ತೇ ಎಂದು ಇವತ್ತು ಓದುವಾಗ ಅನ್ನಿಸುತ್ತದೆ. ಆದರೆ ಸಂಘಕ್ಕೆ ಕಾನೂನಿನ ಯಾವ ರಕ್ಷಣೆಯೂ ಇಲ್ಲದ ಕಾಲ ಅದು. ಒಂದು ಹೆಜ್ಜೆ ತಪ್ಪಿದರೆ ಸಾವಿರಾರು ಮನೆಗಳ ಒಲೆ ಆರುತ್ತಿತ್ತು.

1919ರಲ್ಲಿ ಅವರು ಇಂಗ್ಲೆಂಡಿಗೆ ಹೋದರು. ಭಾರತದ ಹೊಸ ಕಾಯ್ದೆಯ ವಿಚಾರಣೆ ನಡೆಸುತ್ತಿದ್ದ ಪಾರ್ಲಿಮೆಂಟಿನ ಸಮಿತಿಯ ಮುಂದೆ ಕಾರ್ಮಿಕರಿಗೂ ಮತದ ಹಕ್ಕು ಬೇಕೆಂದು ವಾದಿಸಿದರು. ಅಲ್ಲಿನ ಕಾರ್ಮಿಕ ನಾಯಕರ ಸ್ನೇಹ ಸಂಪಾದಿಸಿದರು. ಅಲ್ಲಿಂದ ಮುಂದೆ ವಾಷಿಂಗ್ಟನ್. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಮೊಟ್ಟಮೊದಲ ಸಮ್ಮೇಳನ ಆ ವರ್ಷದ ಅಕ್ಟೋಬರ್, ನವೆಂಬರ್‌ನಲ್ಲಿ ಅಲ್ಲಿ ನಡೆಯಿತು. ಭಾರತದ ಕಾರ್ಮಿಕರ ಪ್ರತಿನಿಧಿ ಮುಂಬಯಿಯ ಎನ್.ಎಂ. ಜೋಶಿ, ಅವರಿಗೆ ಸಲಹೆಗಾರರು ವಾಡಿಯಾ. ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ ಕೆಲಸ ಎಂದು ಅಲ್ಲಿ ಒಪ್ಪಂದವಾಯಿತು. ಭಾರತಕ್ಕೆ ಮಾತ್ರ ಬೇರೆ ಲೆಕ್ಕ, ವಾರಕ್ಕೆ 60 ಗಂಟೆ. ತಾರತಮ್ಯವೇ ಸರಿ. ಆದರೂ ಆವರೆಗೆ ನಮ್ಮ ಬಟ್ಟೆ ಗಿರಣಿಗಳಲ್ಲಿ ಗಂಡಸರಿಗೆ ದಿನಕ್ಕೆ 12 ಗಂಟೆ ದುಡಿಸಲು ಕಾನೂನೇ ಅವಕಾಶ ಕೊಟ್ಟಿತ್ತು. ಈ 60 ಗಂಟೆಯ ಮಿತಿ 1922ರಲ್ಲಿ ನಮ್ಮ ಫ್ಯಾಕ್ಟರಿ ಕಾಯ್ದೆಗೆ ಬಂತು. ಹೆರಿಗೆಗೆ ಮುಂಚೆ ಆರು ವಾರ, ಆಮೇಲೆ ಆರು ವಾರ ರಜೆ ಎನ್ನುವ ಒಪ್ಪಂದವೂ ಅದೇ ಸಮ್ಮೇಳನದ್ದು. ಅದು ನಮ್ಮ ದೇಶದ ಕಾನೂನಿಗೆ ಬರಲು 1929ರ ಬಾಂಬೆ ಕಾಯ್ದೆಯವರೆಗೆ ಕಾಯಬೇಕಾಯಿತು, ಅದೂ ಒಂದು ಪ್ರಾಂತ್ಯಕ್ಕೆ ಮಾತ್ರ.

ಅವರು ಮದರಾಸಿಗೆ ಮರಳಿದ ಮೇಲೆ ನಿಜವಾದ ಪರೀಕ್ಷೆ ಬಂತು. 1920ರ ಅಕ್ಟೋಬರ್‌ನಲ್ಲಿ ಬಕಿಂಗ್‌ಹ್ಯಾಮ್ ಮಿಲ್ಲಿಗೆ ಮತ್ತೆ ಬೀಗ ಬಿತ್ತು. ಡಿಸೆಂಬರ್‌ನಲ್ಲಿ ಪೊಲೀಸರ ಗುಂಡಿಗೆ ಸಾವುಗಳಾದವು. ಕಂಪನಿ ಹೈಕೋರ್ಟಿಗೆ ಹೋಗಿ, ವಾಡಿಯಾ ಮತ್ತು ಜೊತೆಯವರು ಕಾರ್ಮಿಕರನ್ನು ಕರಾರು ಮುರಿಯಲು ಪ್ರಚೋದಿಸುತ್ತಿದ್ದಾರೆಂದು ದಾವೆ ಹೂಡಿ ತಡೆಯಾಜ್ಞೆ ತಂದಿತು. ಜೊತೆಗೆ ಭಾರಿ ಮೊತ್ತದ ನಷ್ಟಪರಿಹಾರದ ಬೇಡಿಕೆ. ಸಂಘದ ಅಧ್ಯಕ್ಷ ತನ್ನ ಸದಸ್ಯರೊಂದಿಗೆ ಮಾತಾಡಿದರೇ ಅಪರಾಧ ಎಂಬಂತಾಯಿತು.

ಸುದ್ದಿ ಇಂಗ್ಲೆಂಡಿಗೆ ಮುಟ್ಟಿತು. ಮದರಾಸನ್ನು ಕಣ್ಣಿನಿಂದಲೂ ಕಾಣದ ಕಾರ್ಮಿಕರ ಪರವಾಗಿ ಅಲ್ಲಿನ ಯೂನಿಯನ್‌ಗಳ ಮುಖಂಡರು ನಿಯೋಗ ಕಟ್ಟಿಕೊಂಡು ಭಾರತ ಮಂತ್ರಿಯ ಬಳಿಗೆ ಹೋದರು. ಇಪ್ಪತ್ತು ವರ್ಷದ ಹಿಂದೆ ಅವರ ದೇಶದ ರೈಲ್ವೆ ಕಾರ್ಮಿಕರ ಸಂಘವೊಂದು ಇಂಥದ್ದೇ ನಷ್ಟಪರಿಹಾರದ ಪೆಟ್ಟು ತಿಂದಿತ್ತು, ಆಮೇಲೆ 1906ರಲ್ಲಿ ಕಾನೂನನ್ನೇ ಬದಲಿಸಿಕೊಂಡಿದ್ದರು. ಹಾಗಾಗಿ ಪೆರಂಬೂರಿನ ನೋವು ಅವರಿಗೆ ಹೊಸತಾಗಿರಲಿಲ್ಲ.

ಇಲ್ಲಿ ರಾಜಿಯ ಮಾತು ನಡೆಯಿತು. ಕಂಪನಿ ದಾವೆ ಮುಂದುವರಿಸುವುದಿಲ್ಲ, ಆದರೆ ವಾಡಿಯಾ ಯೂನಿಯನ್ನಿನಿಂದ ದೂರ ಸರಿಯಬೇಕು. 1921ರ ಆರಂಭದಲ್ಲಿ ಅವರು ಒಪ್ಪಿಕೊಂಡು ಹೊರಬಂದರು. ಕೈಬಿಟ್ಟು ಹೋದರು ಎಂದು ದೂರುವವರು ಆಗಲೂ ಇದ್ದರು. ನನಗೆ ಹಾಗನ್ನಿಸುವುದಿಲ್ಲ. ತಿಂಗಳುಗಟ್ಟಲೆ ಕೂಲಿ ಇಲ್ಲದವರು ಕೆಲಸಕ್ಕೆ ಮರಳಲು ತಾನೊಬ್ಬ ಹೊರಗೆ ಹೋದರೆ ಸಾಕು ಅನ್ನುವಾಗ ಅವರು ಇನ್ನೇನು ಮಾಡಬೇಕಿತ್ತು? ಆದರೆ ಬೆಲೆ ತೆತ್ತವರು ಕಾರ್ಮಿಕರೇ ಎನ್ನುವುದನ್ನೂ ಹೇಳಬೇಕು. ಅದೇ ವರ್ಷ ಮತ್ತೆ ಮುಷ್ಕರವಾಯಿತು. ಸವರ್ಣ ಕಾರ್ಮಿಕರು ಹೊರಗೆ, ಆದಿದ್ರಾವಿಡರಲ್ಲಿ ಬಹಳ ಜನ ಒಳಗೆ ಎಂದು ಸಂಘ ಜಾತಿಯ ಗೆರೆಯಲ್ಲಿ ಸೀಳಿತು. ಪುಲಿಯಾಂತೋಪಿನಲ್ಲಿ ಗುಡಿಸಲುಗಳು ಉರಿದವು. ಸಮುದ್ರದಾಚೆಯವರು ಕೈಚಾಚಿದರು, ಪಕ್ಕದ ಕೇರಿಯವರಿಗೆ ಕೈ ಚಾಚಲಾಗಲಿಲ್ಲ. ಓದುವಾಗ ಅತಿ ಹೆಚ್ಚು ಸಂಕಟವಾದದ್ದು ಈ ಭಾಗ.

ಇತ್ತ ಎನ್.ಎಂ. ಜೋಶಿಯವರು ಮದರಾಸಿನ ಮೊಕದ್ದಮೆ ನಡೆದ ಕೂಡಲೇ, 1921ರ ಮಾರ್ಚ್‌ನಲ್ಲಿ, ಕೇಂದ್ರ ಶಾಸನಸಭೆಯಲ್ಲಿ ಕಾರ್ಮಿಕ ಸಂಘಗಳಿಗೆ ರಕ್ಷಣೆ ಕೊಡುವ ಕಾನೂನು ಬೇಕೆಂದು ನಿರ್ಣಯ ತಂದರು. ಎಳೆದಾಡಿ ಐದು ವರ್ಷದ ನಂತರ 1926ರಲ್ಲಿ ಟ್ರೇಡ್ ಯೂನಿಯನ್ಸ್ ಕಾಯ್ದೆ ಬಂತು. ಕಾರ್ಮಿಕ ವಿವಾದದಲ್ಲಿ, ಕೆಲಸದ ಕರಾರು ಮುರಿಯಲು ಪ್ರೇರೇಪಿಸಿದರು ಎಂಬ ಒಂದೇ ಕಾರಣಕ್ಕೆ ನೋಂದಾಯಿತ ಸಂಘದ ಮೇಲೆ ದಾವೆ ಹಾಕುವಂತಿಲ್ಲ ಎಂದು ಅದರ 18ನೇ ಕಲಂ ಹೇಳಿತು. ವಾಡಿಯಾ ಅವರನ್ನು ಹೊರಗೆ ಕಳಿಸಿದ್ದು ಅದೇ ಆರೋಪ.

ಅಷ್ಟರಲ್ಲಿ ಅವರು ಅಮೆರಿಕದಲ್ಲಿದ್ದರು. 1922ರಲ್ಲಿ ಅಡ್ಯಾರಿನ ಸೊಸೈಟಿಯನ್ನೂ ಬಿಟ್ಟು, ಯುನೈಟೆಡ್ ಲಾಡ್ಜ್ ಆಫ್ ಥಿಯಾಸಫಿಸ್ಟ್ಸ್ ಸೇರಿದ್ದರು. ಕೊಲಂಬಿಯಾದಲ್ಲಿ ಹುಟ್ಟಿದ ಸೋಫಿಯಾ ಅವರನ್ನು ಮದುವೆಯಾಗಿ 1929ರಲ್ಲಿ ಮುಂಬಯಿಗೆ ಮರಳಿದರು. ‘ದಿ ಆರ್ಯನ್ ಪಾಥ್’ ಮಾಸಪತ್ರಿಕೆ ಶುರುವಾಯಿತು. 1945ರ ಆಗಸ್ಟ್‌ನಲ್ಲಿ ದಂಪತಿ ಬಸವನಗುಡಿಯಲ್ಲಿ ಈ ಸಂಸ್ಥೆಯನ್ನು ತೆರೆದರು. ಅಲ್ಲಿಂದ ಕೆಲವೇ ಮೈಲಿ ದೂರದ ಬಿನ್ನಿಪೇಟೆಯಲ್ಲಿ ಅದೇ ಬಿನ್ನಿ ಕಂಪನಿಯ ಬೆಂಗಳೂರು ಮಿಲ್ಲು ಆಗಲೂ ನಡೆಯುತ್ತಿತ್ತು. ಅದರ ಬಗ್ಗೆ ಅವರು ಏನು ಯೋಚಿಸುತ್ತಿದ್ದರೋ!

1958ರ ಆಗಸ್ಟ್ 20ರಂದು ವಾಡಿಯಾ ಬೆಂಗಳೂರಿನಲ್ಲೇ ತೀರಿಕೊಂಡರು. ಸೋಫಿಯಾ ಇನ್ನೂ ಇಪ್ಪತ್ತೆಂಟು ವರ್ಷ ಬದುಕಿದ್ದರು. ಭಾರತದ ಪೆನ್ ಲೇಖಕರ ಸಂಘವನ್ನು 1933ರಲ್ಲಿ ಮುಂಬಯಿಯಲ್ಲಿ ಸ್ಥಾಪಿಸಿದವರು ಅವರೇ. 1960ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರ ಬಗ್ಗೆ ಬರೆಯಲು ಬೇರೆಯೇ ಲೇಖನ ಬೇಕು. ನ್ಯೂ ಮರೀನ್ ಲೈನ್ಸ್‌ನ ಥಿಯಾಸಫಿ ಹಾಲ್ ಕಡೆ ಓಡಾಡುವ ಮುಂಬಯಿಯ ಗೆಳತಿಯರು ಯಾರಾದರೂ ಮುಂದಿನ ಸಂಚಿಕೆಗೆ ಬರೆದರೆ ನಾನು ಮೊದಲು ಓದುತ್ತೇನೆ.